ಹಿತ್ತಲಬಾಗಿಲಿಗೆ ಅಡ್ಡವಾದ ಬೆಟ್ಟ

ಜನವರಿ 9

ಅಕ್ಕಾ,

ನನ್ನ ಅಕ್ಷರ ಕಂಡರೆ ಲಕೋಟೆ ಒಡೆಯದೆಯೇ ಹರಿದುಹಾಕುತ್ತೀಯ ಎಂದು ವಿಳಾಸವನ್ನು ಪಕ್ಕದ ಮನೆಯವರ ಕೈಯಲ್ಲಿ ಬರೆಸಿದ್ದೇನೆ. ಇಷ್ಟು ಓದಿದ್ದೀಯ ಅಂದರೆ ಅರ್ಧ ಗೆದ್ದ ಹಾಗೆ. ಫೋನ್ ಮಾಡಿದರೆ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ.

ಸುತ್ತಿ ಬಳಸಿ ಹೇಳುವುದಿಲ್ಲ. ನನಗೆ ಬೆಟ್ಟ ಬೇಕು.

ನಮ್ಮ ಲೇಖಕಿ ಕಾದಂಬರಿಮಾಲೆಯ ನಾಲ್ಕನೆಯ, ಕೊನೆಯ ಪುಸ್ತಕ ಮುಗಿಸಿದ್ದಾರೆ. ಇಲ್ಲದ ದೇಶ, ಇಲ್ಲದ ರಾಜರು, ಓದುವವರು ಮಾತ್ರ ನಿಜವಾಗಿಯೂ ಇದ್ದಾರೆ. ಅವರೆಂಥವರು ಅಂದರೆ, ಕುದುರೆ ದಿನಕ್ಕೆ ಎಷ್ಟು ದೂರ ಓಡುತ್ತದೆ ಎಂದು ಭೂಪಟದ ಮೇಲೆ ದಾರ ಇಟ್ಟು ಅಳೆಯುವವರು. ಈ ಸಲ ಮಡಿಚಿಡುವ ದೊಡ್ಡ ಭೂಪಟ ಬೇಕಂತೆ, ಬಿಡಿಸಿದರೆ ಊಟದ ಮೇಜಿನಷ್ಟು. ಉತ್ತರದ ಪರ್ವತಸಾಲು ಪೂರ್ತಿ ಹೊಸದು. ಹಿಂದಿನ ಮೂರು ಪುಸ್ತಕಗಳಿಗೆ ನಾವು ಚಿಕ್ಕವರಿದ್ದಾಗ ಬರೆದ ಹಾಳೆಯ ಮೇಲೆ ತೆಳು ಕಾಗದ ಇಟ್ಟು ನಿನ್ನ ಬೆಟ್ಟಗಳನ್ನು ಎತ್ತಿಕೊಂಡೆ. ಅದು ನಿನಗೆ ಗೊತ್ತು. ನಿನಗೆ ಗೊತ್ತು ಎಂಬುದು ನನಗೂ ಗೊತ್ತು. ಈಗ ಎತ್ತಿಕೊಳ್ಳಲು ಅಲ್ಲಿ ಏನೂ ಉಳಿದಿಲ್ಲ.

ನಾನೇ ಪ್ರಯತ್ನಿಸಿದೆ. ಬೋರಲು ಹಾಕಿದ ಬಕೆಟ್‌ಗಳ ಸಾಲು ಬಂತು. ಸಂಪಾದಕರು ಕನ್ನಡಕ ಏರಿಸಿ, "ಇವೇನು, ಗುಡಿಸಲುಗಳಾ?" ಅಂದರು. ನನಗೆ ಕಾಡು ಬಿಟ್ಟರೆ ಬೇರೇನೂ ಬರುವುದಿಲ್ಲ ಅಕ್ಕ. ಒಂದು ಹಾಳೆಗೆ ನಾಲ್ಕು ಸಾವಿರ ಮರ ಬೇಕಾದರೆ ಕೂರಿಸುತ್ತೇನೆ, ಒಂದು ಬೆಟ್ಟ ನಿಲ್ಲಿಸಲಾರೆ.

ಬರೆದುಕೊಡುತ್ತೀಯಾ?

ಇರುವೆ


ಜನವರಿ 20

ಇರುವೆಗೆ,

ಪಕ್ಕದ ಮನೆಯವರ ಅಕ್ಷರ ನಿನ್ನದಕ್ಕಿಂತ ದುಂಡಾಗಿದೆ. ಮುಂದೆಯೂ ಅವರ ಕೈಯಲ್ಲೇ ಬರೆಸು.

ಮೂರು ವರ್ಷದ ಹಿಂದೆ ನಾನು ಬಸ್ಸಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬಳು ದಪ್ಪ ಪುಸ್ತಕ ಬಿಡಿಸಿಕೊಂಡು ಕೂತಿದ್ದಳು. ಮೊದಲ ಪುಟದಲ್ಲೇ ಭೂಪಟ. ಕಣ್ಣು ಹಾಯಿಸಿದೆ, ಬೆಟ್ಟಗಳ ನೆರಳು ಎಡಕ್ಕಿತ್ತು. ಬೇರೆಯವರ ಬೆಟ್ಟಗಳಿಗೆಲ್ಲ ನೆರಳು ಬಲಕ್ಕೆ ಬೀಳುತ್ತದೆ. ಎಡಗೈಯವಳಾದ ನಾನು ದೀಪವನ್ನು ಬಲಕ್ಕೆ ಇಟ್ಟುಕೊಳ್ಳುತ್ತೇನೆ, ಅದಕ್ಕೇ ನನ್ನ ಬೆಟ್ಟಗಳ ನೆರಳು ಎಡಕ್ಕೆ. ದಡಾರ ಎದ್ದು ನಮ್ಮಿಬ್ಬರನ್ನೂ ಅಮ್ಮ ಮಹಡಿಯ ಕೋಣೆಯಲ್ಲಿ ಕೂಡಿಹಾಕಿದಾಗ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಾನು ಬರೆದ ಬೆಟ್ಟಗಳು ಅವು. ಅವುಗಳ ಕಾಲಬುಡದಲ್ಲಿ ಸಾಲುಸಾಲಾಗಿ ಸಣ್ಣ ಮರ ಬರೆಯುತ್ತಿದ್ದವಳಿಗೆ ಇರುವೆ ಅಂತ ಹೆಸರಿಟ್ಟವಳೂ ನಾನೇ.

ಆ ಹೆಂಗಸಿನಿಂದ ಪುಸ್ತಕ ಕೇಳಿ ಪಡೆದು ಕೊನೆಯ ಪುಟ ನೋಡಿದೆ. "ಒಂದೊಂದು ಎಲೆಯನ್ನೂ ಒಂದೊಂದು ಶಿಖರವನ್ನೂ ಒಬ್ಬಳೇ ಕೂತು ಬರೆದ ನನ್ನ ಕಲಾವಿದೆಗೆ" ಎಂದು ನಿಮ್ಮ ಲೇಖಕಿ ಬರೆದಿದ್ದರು. ಒಬ್ಬಳೇ! ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ.

ನೀನು ಮಾಲೆ ಹಾಕಿಸಿಕೊಳ್ಳುವಾಗ ನಾನು ಏನು ಬರೆಯುತ್ತಿದ್ದೆ ಗೊತ್ತಾ? ಕಾರ್ಖಾನೆಯ ಕೈಪಿಡಿಗೆ ನೀರೆತ್ತುವ ಪಂಪಿನ ಚಿತ್ರ. ಬಿಚ್ಚಿ ಹರಡಿದ ಬಿಡಿಭಾಗಗಳು, ಒಂದೊಂದಕ್ಕೂ ಬಾಣ, ಬಾಣದ ತುದಿಗೆ ಸಂಖ್ಯೆ. ಹದಿನಾರು ವರ್ಷದಿಂದ ಅದೇ. ಅಲ್ಲೂ ನನ್ನ ಹೆಸರಿಲ್ಲ, ಆದರೆ ಪಂಪಿನ ವಿಷಯದಲ್ಲಿ ನನಗೆ ಆಸೆಯೂ ಇಲ್ಲ.

ಬೆಟ್ಟ ಬರೆದುಕೊಡುತ್ತೇನೆ. ಭೂಪಟದ ಮೂಲೆಯ ಚೌಕದಲ್ಲಿ ನನ್ನ ಹೆಸರು ಬರಬೇಕು, ನಿನ್ನದರಷ್ಟೇ ದೊಡ್ಡ ಅಕ್ಷರದಲ್ಲಿ. ಇಷ್ಟೇ ನನ್ನ ಷರತ್ತು.

ಅಕ್ಕ


ಫೆಬ್ರವರಿ 2

ಅಕ್ಕಾ,

ಪ್ರಕಾಶಕರ ಹತ್ತಿರ ಮಾತಾಡಿದೆ. ಕರಾರಿನಲ್ಲಿ ಒಂದೇ ಹೆಸರಿದೆಯಂತೆ. ಮೂರು ಪುಸ್ತಕಕ್ಕೆ ಒಂದೇ ಹೆಸರು ಬಂದು ನಾಲ್ಕನೆಯದಕ್ಕೆ ಎರಡಾದರೆ ಓದುಗರು ನೂರೆಂಟು ಕೇಳುತ್ತಾರಂತೆ. ಮುಂದೆ ಯಾವತ್ತಾದರೂ ನೋಡೋಣ ಅಂದರು. ನನ್ನ ಕೈಯಲ್ಲಿ ಏನಿದೆ ಹೇಳು?

ಲೇಖಕಿ ಕಳಿಸಿದ ಟಿಪ್ಪಣಿ ಇದರ ಜೊತೆಗಿದೆ. ಮುಖ್ಯವಾದದ್ದು ಒಂದೇ. ಪಡುವಣದಿಂದ ಮೂಡಣದವರೆಗೆ ಗೋಡೆಯಂಥ ಪರ್ವತಸಾಲು, ಅದರ ನಡುವೆ ಒಂದೇ ಒಂದು ಸಂದು. ಅದಕ್ಕೆ ಅವರಿಟ್ಟ ಹೆಸರು ಹಿತ್ತಲಬಾಗಿಲು. ಬೆಟ್ಟಗಳ ನಡುವೆ ನೀನು ಬಿಡುತ್ತಿದ್ದ ಸಂದುಗಳನ್ನೆಲ್ಲ ನಾವು ಹಾಗೇ ಕರೆಯುತ್ತಿದ್ದೆವು ಎಂದು ನಾನೇ ಯಾವಾಗಲೋ ಹೇಳಿದ್ದೆ, ಅವರಿಗೆ ಹಿಡಿಸಿಬಿಟ್ಟಿದೆ. ಇಪ್ಪತ್ತನೆಯ ಅಧ್ಯಾಯದಲ್ಲಿ ಏಳು ಸಾವಿರ ಸೈನಿಕರು ಆ ಸಂದಿಯಲ್ಲಿ ನುಗ್ಗಿ ರಾಜಧಾನಿ ಹಿಡಿಯುತ್ತಾರೆ. ಇಡೀ ಕಥೆ ನಿಂತಿರುವುದು ಅದರ ಮೇಲೆ.

ಮಾರ್ಚ್ 28ಕ್ಕೆ ಅಚ್ಚಿಗೆ ಹೋಗಬೇಕು. ಬೆಟ್ಟ ಮೊದಲು, ಕಾಡು ಆಮೇಲೆ, ಯಾವತ್ತಿನ ಹಾಗೆ. ನನ್ನ ಮರಗಳಿಗೆ ಹತ್ತು ದಿನ ಬೇಕು. ದಯವಿಟ್ಟು.

ಇರುವೆ


ಫೆಬ್ರವರಿ 11

ಇರುವೆಗೆ,

ಹೆಸರಿನ ವಿಷಯ ಬಿಡು. ಯೋಚಿಸಿ ನೋಡಿದೆ, ಅಕ್ಕತಂಗಿಯರ ನಡುವೆ ಎಂಥ ಹೆಸರು, ಎಂಥ ಷರತ್ತು? ಹಾಳೆ ಕಳಿಸು. ದಪ್ಪ ಕಾಗದವೇ ಇರಲಿ.

ನಿನ್ನ ಪ್ರೀತಿಯ ಅಕ್ಕ


ಮಾರ್ಚ್ 14

ಪ್ರೀತಿಯ ಇರುವೆಗೆ,

ಹಾಳೆ ಕಳಿಸಿದ್ದೇನೆ. ಸ್ವಲ್ಪ ತಡವಾಯಿತು, ಕಾರ್ಖಾನೆಯಲ್ಲಿ ಹೊಸ ಪಂಪಿನ ಕೆಲಸ. ನೂರ ಹನ್ನೆರಡು ಬೆಟ್ಟಗಳಿವೆ, ಮಸಿ ಆರಿದೆ. ಹಿತ್ತಲಬಾಗಿಲು ಟಿಪ್ಪಣಿಯಲ್ಲಿ ಹೇಳಿದ ಜಾಗದಲ್ಲೇ ಇದೆ, ಅದರ ಹೆಸರನ್ನೂ ನಾನೇ ಅಂದವಾಗಿ ಬರೆದುಬಿಟ್ಟಿದ್ದೇನೆ. ನೀನು ನಿಶ್ಚಿಂತೆಯಿಂದ ಮರ ಬರೆದು ಕಳಿಸು. ಮತ್ತೆ ಪರೀಕ್ಷೆ ಮಾಡುವ ಗೋಜಿಗೆ ಹೋಗಬೇಡ.

ನಿನ್ನ ಪ್ರೀತಿಯ ಅಕ್ಕ


(ಅದೇ ದಿನ ಬರೆದು, ಬೇರೆ ಲಕೋಟೆಯಲ್ಲಿ ಹಾಕಿ ಅಂಟಿಸಿಟ್ಟದ್ದು. ಲಕೋಟೆಯ ಮೇಲೆ: "ಪುಸ್ತಕ ಹೊರಬಂದ ಮೇಲೆ ಅಂಚೆಗೆ.")

ಮಾರ್ಚ್ 14

ಇರುವೆ,

ಇದು ನಿನ್ನ ಕೈ ಸೇರುವ ಹೊತ್ತಿಗೆ ಪುಸ್ತಕ ಅಂಗಡಿಗಳಲ್ಲಿರುತ್ತದೆ. ನಿನ್ನ ಓದುಗರು ದಾರ ಹಿಡಿದು ಅಳೆಯುತ್ತಾ ಇರುತ್ತಾರೆ. ಈಗ ಕೇಳು.

ಬೆಟ್ಟ ಬರೆಯುವವರು ಕೆಳಗಿನ ಸಾಲಿನಿಂದ ಶುರುಮಾಡುತ್ತಾರೆ. ಮುಂದಿನ ಬೆಟ್ಟ ಮೊದಲು, ಅದರ ಹೆಗಲ ಹಿಂದಿನಿಂದ ಇಣುಕುವುದು ಆಮೇಲೆ. ಹಾಗೆ ಬರೆದರೆ ಗೆರೆಗೆ ಗೆರೆ ತಾಕುವುದಿಲ್ಲ. ಹಿತ್ತಲಬಾಗಿಲಿನ ಎರಡೂ ಕಡೆ ಮುಂದಿನ ಸಾಲಿನಲ್ಲಿ ಎತ್ತರದ ಬೆಟ್ಟ ನಿಲ್ಲಿಸಿ ನಡುವೆ ಜಾಗ ಬಿಟ್ಟೆ. ನೋಡಿದವರಿಗೆ ಬಾಗಿಲು ತೆರೆದೇ ಇದೆ. ಆದರೆ ಹಿಂದಿನ ಸಾಲು ಬರೆಯುವಾಗ ಆ ಜಾಗಕ್ಕೆ ಸರಿಯಾಗಿ ಒಂದು ಗಿಡ್ಡ ಬೆಟ್ಟ ಅಡ್ಡ ಕೂರಿಸಿದೆ. ಬುಡದ ಗೆರೆ ಈ ಹೆಗಲಿನಿಂದ ಆ ಹೆಗಲಿಗೆ ಒಂದೇ ಎಳೆತ. ಇರುವೆ ನುಗ್ಗುವಷ್ಟೂ ಸಂದಿಲ್ಲ.

ಏಳು ಸಾವಿರ ಸೈನಿಕರು ಬಂಡೆಗೆ ಹಣೆ ಚಚ್ಚಿಕೊಳ್ಳಲಿ. "ಒಬ್ಬಳೇ ಕೂತು ಬರೆದವಳು" ಉತ್ತರ ಕೊಡಲಿ. ಮೆಚ್ಚುಗೆಯನ್ನೆಲ್ಲ ಒಬ್ಬಳೇ ತಿಂದೆಯಲ್ಲ, ಬೈಗುಳವನ್ನೂ ಒಬ್ಬಳೇ ತಿನ್ನು.

ನೂರ ಹನ್ನೆರಡರಲ್ಲಿ ಆ ಗಿಡ್ಡ ಬೆಟ್ಟವೇ ಚೆನ್ನಾಗಿ ಬಂದಿದೆ. ಎಷ್ಟೋ ವರ್ಷದ ಮೇಲೆ ಹೊಟ್ಟೆ ತಣ್ಣಗಾಯಿತು.

ಅಕ್ಕ


ಮಾರ್ಚ್ 21

ಅಕ್ಕಾ,

ಹಾಳೆ ಹದಿನೇಳಕ್ಕೇ ಬಂತು. ಗೋಡೆಗೆ ಒರಗಿಸಿಟ್ಟು ಎಷ್ಟು ಹೊತ್ತು ನೋಡಿದೆನೋ! ನಿನ್ನ ಕೈ ಹಾಗೇ ಇದೆ, ನೆರಳೂ ಎಡಕ್ಕೇ ಇದೆ. ಪಂಪಿನವರು ನಿನ್ನನ್ನು ಹಾಳುಮಾಡಿಲ್ಲ.

ಕಾಡು ಶುರುಮಾಡಿದ್ದೇನೆ. ಕೆಳಗಿನ ಬಯಲಿನಲ್ಲಿ ಎಲೆಮರಗಳು, ಗುಂಪುಗುಂಪಾಗಿ. ಮೇಲಕ್ಕೆ ಹೋದಂತೆ ಚೂಪು ಮರಗಳು.

ಒಂದು ಸಿಹಿಸುದ್ದಿ. ನೀನು ಹೆಸರು ಬೇಡವೆಂದು ದೊಡ್ಡ ಮನಸ್ಸು ಮಾಡಿದ್ದು ನೋಡಿ ನನಗೆ ನಾಚಿಕೆಯಾಯಿತು. ಪ್ರಕಾಶಕರ ಕೋಣೆಗೆ ಹೋಗಿ ಮೇಜು ಕುಟ್ಟಿದೆ. ಕರಾರು ತಿದ್ದಿಸಿದೆ. ಭೂಪಟದ ಮೂಲೆಯ ಚೌಕದಲ್ಲಿ ನಿನ್ನ ಹೆಸರು ಬರುತ್ತದೆ. ನಿನ್ನದು ಮಾತ್ರ. "ಬೆಟ್ಟ, ಕಾಡು, ನದಿ, ದಾರಿ, ಎಲ್ಲವನ್ನೂ ಬರೆದವರು" ಎಂದು ಹಾಕಿ ಕೆಳಗೆ ನೀನು. ನನ್ನ ಹೆಸರು ತೆಗೆಸಿದೆ. ಮೂರು ಸಲ ನಾನು ತಗೊಂಡೆ, ಇದು ನಿನಗೆ.

ಖುಷಿಯಾಯಿತಾ?

ನಿನ್ನ ಇರುವೆ


ಮಾರ್ಚ್ 24

ಇರುವೆ,

ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಇದನ್ನು ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ನನ್ನ ಹೆಸರು ಹಾಕಬೇಡ. ನನಗೆ ಇಂಥದ್ದೆಲ್ಲ ಸರಿಹೋಗುವುದಿಲ್ಲ, ಸಂಕೋಚ. ನಿನ್ನ ಹೆಸರೇ ಇರಲಿ, ನಿನಗೇ ಒಪ್ಪುತ್ತದೆ.

ಇನ್ನೊಂದು. ಹಾಳೆಯನ್ನು ಎರಡು ದಿನದ ಮಟ್ಟಿಗೆ ವಾಪಸ್ ಕಳಿಸು. ಉತ್ತರದ ಸಾಲಿನಲ್ಲಿ ಒಂದು ಕಡೆ ಮಸಿ ಸ್ವಲ್ಪ ಹರಡಿದ ಹಾಗೆ ನೆನಪು. ಬ್ಲೇಡಿನಿಂದ ಕೆರೆದು ಸರಿಮಾಡಿ ಕೊಡುತ್ತೇನೆ. ದೊಡ್ಡದೇನಲ್ಲ. ಆದರೆ ಕಳಿಸು. ನಾನೇ ರೈಲು ಹತ್ತಿ ಬರಬೇಕಾ? ಬರುತ್ತೇನೆ. ಕಳಿಸು.

ಅಕ್ಕ


ಮಾರ್ಚ್ 29

ಅಕ್ಕಾ,

ನಿನ್ನೆ ಬೆಳಿಗ್ಗೆ ಅಚ್ಚಿಗೆ ಹೋಯಿತು.

ಫೋನ್ ಬಡಿದುಕೊಳ್ಳುತ್ತಿತ್ತು. ನಾಲ್ಕಲ್ಲ, ಒಂಬತ್ತು ಸಲ. ಪಕ್ಕದಲ್ಲೇ ಕೂತು ಮರ ಬರೆಯುತ್ತಿದ್ದೆ.

ಮಸಿ ಎಲ್ಲೂ ಹರಡಿಲ್ಲ ಅಕ್ಕ. ನಿನ್ನ ಮಸಿ ಯಾವತ್ತು ಹರಡಿದೆ? ನಿನ್ನ ಬೆಟ್ಟಗಳ ಕಾಲಬುಡದಲ್ಲಿ ಆರು ವರ್ಷದವಳಿದ್ದಾಗಿನಿಂದ ಮರ ಬರೆದವಳು ನಾನು. ಸಂದು ಕಂಡಲ್ಲೆಲ್ಲ ಮೊದಲು ಎರಡು ಚೂಪು ಮರ ನಿಲ್ಲಿಸುತ್ತಿದ್ದೆ, ಬಾಗಿಲಿನ ಕಂಬದ ಹಾಗೆ. ಮರೆತೆಯಾ? ಅವುಗಳ ನಡುವೆ ಬಿಳಿ ಕಾಗದ ಕಾಣಬೇಕು ಅಂತ ಹೇಳಿಕೊಟ್ಟವಳು ನೀನು. "ಬಿಳಿ ಕಂಡರೆ ದಾರಿ, ಗೆರೆ ಕಂಡರೆ ಗೋಡೆ." ಹದಿನೇಳನೆಯ ತಾರೀಕು ಹಾಳೆ ಬಿಡಿಸಿದ ಕೂಡಲೇ ಆ ಎರಡು ಮರಕ್ಕೆ ಜಾಗ ನೋಡಿದೆ. ಬಿಳಿ ಕಾಣಲಿಲ್ಲ. ಗೆರೆ ಕಂಡಿತು.

ನನ್ನ ಕೈಯಲ್ಲಿ ಹನ್ನೊಂದು ದಿನ ಇತ್ತು. ನಿನ್ನ ಗಿಡ್ಡ ಬೆಟ್ಟದ ಮೇಲೆ ಕಾಡು ಹಬ್ಬಿಸಿ ಮುಚ್ಚಬಹುದಿತ್ತು. ಲೇಖಕಿಗೆ ಹೇಳಬಹುದಿತ್ತು, ಹಾಳೆ ತೋರಿಸಿದಾಗ ಅವರು ನೋಡಿದ್ದು ತಮ್ಮ ರಾಜಧಾನಿಯ ಕೋಟೆಯನ್ನು ಮಾತ್ರ. ಸಂಪಾದಕರು ಹಿತ್ತಲಬಾಗಿಲು ಎಂಬ ನಿನ್ನ ಮುದ್ದಾದ ಅಕ್ಷರ ಓದಿ ತೃಪ್ತರಾದರು. ನಾನು ಎರಡು ದಿನ ಏನೂ ಮಾಡದೆ ಕೂತಿದ್ದೆ. ಮೂರನೆಯ ದಿನ ಎದ್ದು ಪ್ರಕಾಶಕರ ಹತ್ತಿರ ಹೋದೆ. ನಿಜ ಹೇಳಲಾ? ಫೆಬ್ರವರಿಯಲ್ಲಿ ನಾನು ಕೇಳಿರಲೇ ಇಲ್ಲ. ಈ ಸಲ ಕೇಳಿದೆ. ಐದೇ ನಿಮಿಷದಲ್ಲಿ ಒಪ್ಪಿದರು.

ಇದರ ಜೊತೆ ಒಂದು ಕಾರ್ಡ್ ಇಟ್ಟಿದ್ದೇನೆ. ಮೊದಲ ಪುಸ್ತಕದ ಕೆಲಸ ಬಂದಾಗ "ಇಬ್ಬರ ಹೆಸರೂ ಹಾಕಿಸಲಾ ಅಕ್ಕ?" ಎಂದು ನಾನು ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರ. ಇಷ್ಟು ವರ್ಷ ಜೋಪಾನ ಮಾಡಿದ್ದೇನೆ. "ಮಕ್ಕಳಾಟಕ್ಕೆಲ್ಲ ನನ್ನ ಹೆಸರು ಹಚ್ಚಬೇಡ. ಕಾರ್ಖಾನೆಯಲ್ಲಿ ನಗುತ್ತಾರೆ. ನಿನಗೆ ಬೇರೆ ಕೆಲಸ ಇಲ್ಲ, ನನಗಿದೆ." ನಿನ್ನದೇ ಅಕ್ಷರ, ನೋಡಿಕೋ. ಅವತ್ತು ನಾನು ಎಷ್ಟು ಅತ್ತೆ ಅಂತ ನಿನಗೆ ಗೊತ್ತಿಲ್ಲ. ಪುಸ್ತಕ ಮಾರಾಟವಾಗದೆ ಬಿದ್ದಿದ್ದರೆ ನೀನು ಆ ಬಸ್ ಸ್ಟಾಪಿನಲ್ಲಿ ಕಣ್ಣು ಹಾಯಿಸುತ್ತಲೂ ಇರಲಿಲ್ಲ. "ಒಬ್ಬಳೇ" ಅಂತ ಲೇಖಕಿ ಬರೆದಾಗ ಅಲ್ಲ ಅನ್ನಬೇಕಿತ್ತು, ಅನ್ನಲಿಲ್ಲ. ಬೇಕೆಂದೇ ಅನ್ನಲಿಲ್ಲ. ನನಗೂ ಹೊಟ್ಟೆ ಉರಿಯುತ್ತದೆ ಅಕ್ಕ, ನಿನಗೊಬ್ಬಳಿಗೇ ಅಲ್ಲ.

ನಾನು ಬರೆದ ಕಾಡುಗಳಲ್ಲೇ ಇದು ಚೆನ್ನಾಗಿ ಬಂದದ್ದು. ಅದಕ್ಕೂ ನಿನ್ನ ಹೆಸರೇ. ನೀನು ಕೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟಿದ್ದೇನೆ, ಅನುಭವಿಸು.

ಇರುವೆ


ಜುಲೈ 6

ಇರುವೆ,

ಮೂರು ತಿಂಗಳು ನಿನಗೆ ಬರೆಯಬಾರದು ಅಂತ ಹಲ್ಲು ಕಚ್ಚಿಕೊಂಡಿದ್ದೆ. ಆ ಕಾರ್ಡನ್ನು ನಾನು ಬರೆದದ್ದೇ ಮರೆತುಹೋಗಿತ್ತು ಅಂದರೆ ನಂಬುತ್ತೀಯಾ? ನಂಬಬೇಡ. ನೆನಪಿತ್ತು. ಆ ನೆನಪಿನ ಮೇಲೆ ಬೇರೆ ಬೇರೆ ಕೋಪ ಪೇರಿಸಿ ಮುಚ್ಚಿಟ್ಟಿದ್ದೆ.

ಪುಸ್ತಕ ಬಂದ ಮೊದಲ ವಾರ ನಾನು ರಾಣಿ. ಕಾರ್ಖಾನೆಯ ಮೇಲ್ವಿಚಾರಕರು ಭೂಪಟವನ್ನು ನಕ್ಷೆ ಕೋಣೆಯ ಗೋಡೆಗೆ ಅಂಟಿಸಿದರು. ಯಾರೂ ನಗಲಿಲ್ಲ. "ನಮ್ಮ ಪಂಪಿನಮ್ಮ ಇಷ್ಟೆಲ್ಲ ಬರೀತಾರಾ?" ಅಂದರು. ನನ್ನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದೆ, ಯಾರೂ ಇಲ್ಲದಾಗ.

ಎರಡನೆಯ ವಾರ ಕಾಗದಗಳು ಶುರುವಾದವು. ಈವರೆಗೆ ಆರುನೂರು ದಾಟಿವೆ. ಎಲ್ಲ ನನಗೇ, ಹೆಸರು ನನ್ನದಲ್ಲವಾ. "ಸೈನ್ಯ ಹೇಗೆ ದಾಟಿತು?" ಒಬ್ಬ ಮಾಜಿ ಸೈನಿಕ ಹಗ್ಗ, ಏಣಿ, ಗೂಟಗಳ ಲೆಕ್ಕ ಹಾಕಿ ಹತ್ತು ಪುಟ ಕಳಿಸಿದ್ದಾನೆ, ಅವನ ಪ್ರಕಾರ ದಾಟಲು ಹದಿನೇಳು ದಿನ ಬೇಕು, ಕುದುರೆಗಳನ್ನು ಈಚೆಯೇ ಬಿಡಬೇಕು. ಒಬ್ಬ ಮೇಷ್ಟ್ರು ಮಣ್ಣಿನಲ್ಲಿ ಇಡೀ ಸಾಲು ಮಾಡಿ ನೀರು ಸುರಿದು, ಹನಿಯೂ ಆಚೆ ಹೋಗಲಿಲ್ಲ ಎಂದು ಚಿತ್ರ ತೆಗೆದು ಕಳಿಸಿದ್ದಾರೆ. ನಿಮ್ಮ ಲೇಖಕಿ ಫೋನ್ ಮಾಡಿ, "ನಾಲ್ಕು ಪುಸ್ತಕ, ಹನ್ನೆರಡು ವರ್ಷ. ನೀವು ಒಂದು ಗೆರೆ ಎಳೆದು ಮುಗಿಸಿಬಿಟ್ರಲ್ಲ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ನನಗೆ ಏನು ಮಾಡಿದ್ದರು ಹೇಳು? ನಿನ್ನ ಮೇಲಿನ ಕೋಪದಲ್ಲಿ ಅವರ ಬಾಗಿಲಿಗೆ ಕಲ್ಲು ಇಟ್ಟೆ.

ಗೋಡೆಯ ಮೇಲಿನ ಭೂಪಟದ ಕೆಳಗೆ ಯಾರೋ "ದಾರಿ ಮುಚ್ಚಿದೆ" ಎಂದು ಚೀಟಿ ಅಂಟಿಸಿದ್ದಾರೆ. ಈಗ ನಗುತ್ತಾರೆ.

ಮೊದಮೊದಲು ರಹಸ್ಯ ಸುರಂಗ ಇದೆ ಎಂದು ಉತ್ತರ ಬರೆದೆ. ಆಮೇಲೆ ಬೇಸರವಾಗಿ "ತಪ್ಪು ನನ್ನದು" ಎಂದಷ್ಟೇ ಬರೆಯತೊಡಗಿದೆ. ಹೋದ ವಾರ ಒಬ್ಬ ನಿವೃತ್ತ ನರ್ಸ್ ಬರೆದಿದ್ದರು. ಅವರು ಸೈನ್ಯದ ಬಗ್ಗೆ ಕೇಳಿರಲಿಲ್ಲ. ಒಂದೇ ಸಾಲು: "ಬೀಗದ ಕೈ ಯಾರ ಹತ್ತಿರ ಇದೆ?"

ಯಾವ ಬೀಗ? ಕಾರ್ಖಾನೆಯ ಭೂತಗನ್ನಡಿ ತಂದು ಹಿತ್ತಲಬಾಗಿಲಿನ ಮೇಲೆ ಹಿಡಿದೆ. ನಿನ್ನ ಎರಡು ಚೂಪು ಮರಗಳು ಕಂಬದ ಹಾಗೆ ನಿಂತಿದ್ದವು. ಅವುಗಳ ನಡುವೆ, ನನ್ನ ಗಿಡ್ಡ ಬೆಟ್ಟದ ಹೊಟ್ಟೆಯಲ್ಲಿ, ಸಾಸಿವೆಯಷ್ಟು ಒಂದು ಬಾಗಿಲು. ಚೌಕಟ್ಟು, ಚಿಲಕ, ಚಿಲಕಕ್ಕೆ ತೂಗುಹಾಕಿದ ಬೀಗ. ದಡಾರ ಎದ್ದಾಗ ನಮ್ಮ ಕೋಣೆಗೆ ಅಮ್ಮ ಹೊರಗಿನಿಂದ ಹಾಕುತ್ತಿದ್ದ ಬೀಗ ಅದೇ ಆಕಾರದ್ದು.

ಭೂತಗನ್ನಡಿ ಒದ್ದೆಯಾಯಿತು. ಸಿಟ್ಟಿನಿಂದಲೇ ಅತ್ತೆ, ತಪ್ಪು ತಿಳಿಯಬೇಡ.

ನರ್ಸಿಗೆ ಉತ್ತರ ಬರೆದೆ: "ನನ್ನ ತಂಗಿಯ ಹತ್ತಿರ. ಆ ಕಾಡೆಲ್ಲ ಅವಳದ್ದು, ಭೂಪಟದಲ್ಲಿ ಅವಳ ಹೆಸರಿಲ್ಲ." ಇನ್ನು ಮೇಲೆ ಎಲ್ಲರಿಗೂ ಅದನ್ನೇ ಬರೆಯುತ್ತೇನೆ. ಮಾರ್ಚ್ 14ರಂದು ಅಂಟಿಸಿಟ್ಟಿದ್ದ ಕಾಗದವನ್ನೂ ಇದರ ಜೊತೆ ಕಳಿಸಿದ್ದೇನೆ. ಓದಿ ನಗು, ಅಥವಾ ಜೋಪಾನ ಮಾಡಿಡು, ನಿನಗೆ ಅದು ಚೆನ್ನಾಗಿ ಬರುತ್ತದೆ.

ಎರಡನೆಯ ಮುದ್ರಣಕ್ಕೆ ಮೂಲ ಹಾಳೆ ನನ್ನ ಹತ್ತಿರ ಬಂದಿದೆ. ಗಿಡ್ಡ ಬೆಟ್ಟವನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು. ಕೆರೆದರೆ ನಿನ್ನ ಬಾಗಿಲು, ಬೀಗ, ಆ ಎರಡು ಮರ, ಸುತ್ತಲಿನ ಒಂದಷ್ಟು ಕಾಡು ಎಲ್ಲ ಹೋಗುತ್ತದೆ. ಮೂರು ದಿನದಿಂದ ಬ್ಲೇಡು ಕೈಯಲ್ಲಿ ಹಿಡಿದು ಕೂತಿದ್ದೇನೆ. ನನ್ನೊಬ್ಬಳಿಂದಲೇ ಆಗುವುದಿಲ್ಲ. ಬಂದು ಪಕ್ಕದಲ್ಲಿ ಕೂರು. ನಾನು ಕೆರೆದಲ್ಲಿ ನೀನು ಮತ್ತೆ ಮರ ಬರಿ. ಚೌಕದಲ್ಲಿ ಎರಡು ಹೆಸರು, ಒಂದೇ ಅಳತೆ. ನಿನ್ನದು ಮೇಲೆ ಬೇಕಾದರೂ ಹಾಕಿಕೋ.

ಅಕ್ಕ


ಜುಲೈ 13

ಅಕ್ಕಾ,

ಮೇಲೆ ನಿನ್ನದೇ ಇರಲಿ. ಮೊದಲು ಬೆಟ್ಟ, ಆಮೇಲೆ ಕಾಡು.

ನೀನು ತಪ್ಪು ತಿಳಿಯಬಾರದು ಅಂತ ಹೇಳುತ್ತೇನೆ: ಆ ಬಾಗಿಲು ಬರೆದದ್ದು ಪ್ರೀತಿಗಲ್ಲ. ನೀನು ಅದನ್ನು ಕಂಡ ದಿನ ಒಬ್ಬಳೇ ಕೂತು ಅಳಬೇಕು ಅಂತಲೇ ಬರೆದೆ. ಸೈನ್ಯ ದಾಟಲಾಗದ ನಿನ್ನ ಬೆಟ್ಟವನ್ನು ನನ್ನ ಬೀಗ ದಾಟಿತು, ನೋಡಿದೆಯಾ.

ನಿನ್ನ ಮಾರ್ಚ್ 14ರ ಕಾಗದ ಓದಿದೆ. ನಗಲಿಲ್ಲ. ಆ ಕಾರ್ಡಿನ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಭಾನುವಾರ ಮಧ್ಯಾಹ್ನದ ರೈಲಿಗೆ ಬರುತ್ತೇನೆ. ದೀಪ ಬಲಕ್ಕೇ ಇರಲಿ, ನಾನು ಎಡಗಡೆ ಕೂರುತ್ತೇನೆ. ಅಲ್ಲಿಯವರೆಗೆ ಹಾಳೆ ಮುಟ್ಟಬೇಡ.

ಬ್ಲೇಡು ನಾನೇ ತರುತ್ತೇನೆ.

ಇರುವೆ